ಶಾಲೆಯ ಮುಂದಿನ ಗಟಾರ ಎಲ್ಲಿಗೆ ಹೋಗುತ್ತದೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಹೋತ್ಸವ ಸಮಿತಿಯವರು ಫೋನು ಮಾಡಿ, ‘ನೀನು ಸಾಫ್ಟ್‌ವೇರ್ ಎಂಜಿನಿಯರ್, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು’ ಎಂದರು. ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ. ನಾನು ಶಾಲೆಯ ಗೇಟಿನ ಮುಂದಿನ ಗಟಾರದ ಬಗ್ಗೆ ಮಾತಾಡುತ್ತೇನೆ ಎಂದೆ. ಅವರು ನಕ್ಕರು, ಆದರೆ ಒಪ್ಪಿದರು. ಅವರಿಗೆ ಮೊದಲು ಕೃತಜ್ಞತೆ.

ಮಕ್ಕಳಿಗೆ ಒಂದು ಪ್ರಶ್ನೆ. ಈ ಗಟಾರದ ನೀರು ಎಲ್ಲಿಗೆ ಹೋಗುತ್ತದೆ? ‘ಹಳ್ಳಕ್ಕೆ’ ಎನ್ನುತ್ತೀರಿ. ಹಳ್ಳ ಎಲ್ಲಿಗೆ ಹೋಗುತ್ತದೆ? ಇಳಕಲ್ಲಿನ ಹಳ್ಳವಿರಲಿ, ಹುನಗುಂದದ ಹಳ್ಳವಿರಲಿ, ಕೊನೆಗೆ ಸೇರುವುದು ಕೃಷ್ಣೆಯನ್ನೇ. ಬಾದಾಮಿಯ ಕಡೆಯ ನೀರು ಮಲಪ್ರಭೆಗೆ ಬಂದು, ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಾಗಲಕೋಟೆಯ ನೀರು ಘಟಪ್ರಭೆಯ ಕಡೆ ಹೋಗಿ ಆಲಮಟ್ಟಿಯ ಹಿನ್ನೀರಿನಲ್ಲಿ ನಿಲ್ಲುತ್ತದೆ. ‘ನಿಲ್ಲುತ್ತದೆ’ ಎಂಬ ಮಾತನ್ನು ಗಮನಿಸಿ. ಹರಿಯುವ ಹೊಳೆ ಗಾಳಿ, ಬಿಸಿಲು, ಮರಳುಗಳ ನೆರವಿನಿಂದ ತನ್ನ ಕೊಳೆಯನ್ನು ಒಂದಿಷ್ಟಾದರೂ ತಾನೇ ತೊಳೆದುಕೊಳ್ಳುತ್ತದೆ. ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ಆ ಶಕ್ತಿ ಕಡಿಮೆ. ಹಿಂದಿನವರ ಕಾಲದಲ್ಲಿ ಹೊಳೆಗೆ ಬಿಟ್ಟದ್ದು ಹರಿದುಹೋಗುತ್ತಿತ್ತು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ ನವನಗರ ಎದ್ದ ಮೇಲೆ, ನಾವು ಬಿಟ್ಟದ್ದು ನಮ್ಮ ಬಾಗಿಲಲ್ಲೇ ಉಳಿಯುತ್ತದೆ.

ಇನ್ನು ಗಟಾರದೊಳಗೆ ಇಣುಕಿ ನೋಡೋಣ. ನಮ್ಮ ಭಾಗದ ಗಟಾರದಲ್ಲಿ ಮುಖ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ. ಒಂದು, ಬಚ್ಚಲು ಮತ್ತು ಪಾತ್ರೆ, ಬಟ್ಟೆ ತೊಳೆದ ಸಾಬೂನಿನ ನೀರು. ಎರಡು, ನೂಲಿಗೆ ಬಣ್ಣ ಹಾಕಿದ ನೀರು. ಮೂರು, ಗ್ರಾನೈಟ್ ಕೊಯ್ದು ಪಾಲಿಶ್ ಮಾಡಿದ ಬಿಳಿ ರಾಡಿ. ನಾಲ್ಕು, ಗುಟ್ಕಾ ಚೀಟು, ಕುರ್ಕುರೆ ಪಾಕೀಟು, ಹಾಲಿನ ಚೀಲ. ಈ ನಾಲ್ಕನ್ನೂ ಗಟಾರಕ್ಕೆ ಬಿಟ್ಟವರು ನಾವೇ ಎಂದು ಎಲ್ಲ ಸ್ವಚ್ಛತಾ ಭಾಷಣಗಳಲ್ಲಿ ಕೇಳಿದ್ದೇವೆ. ಮಾತು ಸುಳ್ಳಲ್ಲ, ಅರ್ಧ ಸತ್ಯ. ಇವುಗಳಲ್ಲಿ ಯಾವುದನ್ನೂ ನಾವು ಮನೆಯಲ್ಲಿ ತಯಾರಿಸಿಲ್ಲ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಯಾರೋ ಕುಳಿತು, ಪುಡಿಯಲ್ಲಿ ಏನಿರಬೇಕು, ಬಣ್ಣದಲ್ಲಿ ಏನಿರಬೇಕು, ಪಾಕೀಟು ಎಷ್ಟು ಪದರದ್ದಿರಬೇಕು ಎಂದು ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನದ ಲಾಭ ಅವರದು, ಅದರ ಹೊಲಸು ನಮ್ಮದು. ಈ ಲೆಕ್ಕ ಸರಿಯೇ ಎಂಬುದು ನನ್ನ ಮೊದಲ ಪ್ರಶ್ನೆ.

ನನ್ನ ಕಸುಬಿನಲ್ಲಿ ಒಂದು ರೂಢಿ ಇದೆ. ಪ್ರೋಗ್ರಾಮಿನಲ್ಲಿ ತಪ್ಪು ಕಂಡರೆ ಅದು ಹುಟ್ಟಿದ ಜಾಗದಲ್ಲೇ ತಿದ್ದಬೇಕು. ಅಲ್ಲಿ ತಿದ್ದಿದರೆ ಒಂದು ತಾಸಿನ ಕೆಲಸ. ಅದು ಲಕ್ಷ ಜನರ ಮೊಬೈಲಿಗೆ ಹೋದ ಮೇಲೆ ತಿದ್ದಲು ತಿಂಗಳು ಸಾಲದು. ನೀರಿನದೂ ಹಾಗೆಯೇ. ಒಂದು ಕೊಡ ಬಣ್ಣದ ನೀರನ್ನು ಶುದ್ಧ ಮಾಡುವುದು ಸುಲಭ. ಅದೇ ಕೊಡ ಹಳ್ಳಕ್ಕೆ ಬಿದ್ದು ಸಾವಿರ ಕೊಡ ಆದ ಮೇಲೆ ಯಾರಿಂದಲೂ ಆಗದು.

ಸಾಬೂನಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಾನು ಕೆಲಸ ಮಾಡುವ ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ 2015ರಲ್ಲಿ ಬಿಳಿ ನೊರೆ ಎದ್ದು ರಸ್ತೆಗೆ ಹಾರಿ, ಸ್ಕೂಟರಿನವರ ಮುಖಕ್ಕೆ ಬಡಿಯುತ್ತಿದ್ದುದನ್ನು ಪತ್ರಿಕೆಗಳಲ್ಲಿ ನೀವೂ ನೋಡಿರುತ್ತೀರಿ. ಶುದ್ಧೀಕರಿಸದ ಕೊಳಚೆ ಮತ್ತು ಅದರಲ್ಲಿದ್ದ ಡಿಟರ್ಜೆಂಟು ಅದಕ್ಕೆ ಕಾರಣ. ಬಟ್ಟೆ ಒಗೆಯುವ ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ಕೆರೆಯ ಪಾಚಿಗೆ, ಜಂಬು ಕಳೆಗೆ ಗೊಬ್ಬರವಾಗುತ್ತದೆ. ಪಾಚಿ ಬೆಳೆದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಐರೋಪ್ಯ ಒಕ್ಕೂಟದವರು 2013ರಿಂದ ಮನೆಬಳಕೆಯ ಬಟ್ಟೆ ಪುಡಿಯಲ್ಲಿ ಫಾಸ್ಫರಸ್ಸಿಗೆ ಬಿಗಿಯಾದ ಮಿತಿ ಹಾಕಿದರು. ಕಂಪನಿಗಳು ಪುಡಿಯ ಸೂತ್ರ ಬದಲಿಸಿದವು. ಅಲ್ಲಿಯವರ ಬಟ್ಟೆ ಮೊದಲಿನಷ್ಟೇ ಬೆಳ್ಳಗಿವೆ. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ತಾಯಂದಿರಿಗೆ ಸಾವಿರ ಸಲ ‘ಒಗೆಯಬೇಡಿ’ ಎಂದು ಹೇಳುವುದಕ್ಕಿಂತ, ಆ ಪುಡಿ ಮಾಡುವ ಹತ್ತಾರು ಕಾರ್ಖಾನೆಗಳಿಗೆ ಒಂದು ಸಲ ಕಡ್ಡಾಯ ಮಾಡುವುದು ಹೆಚ್ಚು ಫಲ ಕೊಡುತ್ತದೆ.

ಇದು ಕೇವಲ ಆಸೆಯಲ್ಲ, ಕಾನೂನಿನಲ್ಲಿ ಇದಕ್ಕೆ ಬುನಾದಿ ಇದೆ. ನಮ್ಮ ಜಲ ಮಾಲಿನ್ಯ ಕಾಯ್ದೆ 1974ರದು. ತಮಿಳುನಾಡಿನ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಕೆಡಿಸಿದವನೇ ಖರ್ಚು ಭರಿಸಬೇಕು ಎಂಬ ತತ್ವ ಈ ದೇಶದ ಕಾನೂನಿನ ಭಾಗ ಎಂದು ಹೇಳಿತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊಣೆ ಹೊರಿಸಿದವು. 2022ರ ಫೆಬ್ರುವರಿಯಲ್ಲಿ ಅದಕ್ಕೆ ಲೆಕ್ಕದ ಸಮೇತ ಮಾರ್ಗಸೂಚಿ ಬಂತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾರುವ ಕಂಪನಿ ತನ್ನ ಪಾಲಿನ ಪ್ಲಾಸ್ಟಿಕ್ಕನ್ನು ಲೆಕ್ಕ ಹಿಡಿದು ಮರಳಿ ಸಂಗ್ರಹಿಸಬೇಕು. 2021-22ಕ್ಕೆ ನೂರಕ್ಕೆ 25, ಮರುವರ್ಷ 70, 2023-24ರಿಂದ ಪೂರ್ತಿ 100. ಗುಟ್ಕಾ, ತಂಬಾಕು, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಚೀಟಿನಲ್ಲಿ ತುಂಬಿ ಮಾರಲೇಬಾರದು ಎಂದು 2016ರ ನಿಯಮದಲ್ಲೇ ಬರೆದಿದೆ. ಹೊರಗೆ ಹೋಗಿ ಗಟಾರ ನೋಡಿ. ನಿಯಮ ಒಂದು ಕಡೆ, ಚೀಟು ಇನ್ನೊಂದು ಕಡೆ ಬಿದ್ದಿವೆ. ಒಂದು ಚೀಟು ಬೆರಳಿನಷ್ಟೂ ಇಲ್ಲ. ಆದರೆ ನೂರು ಚೀಟು ಒಂದು ಕಲ್ವರ್ಟಿನ ಬಾಯಿ ಕಟ್ಟುತ್ತವೆ, ಮಳೆ ಬಂದ ದಿನ ಕೊಳಚೆ ಮನೆಯೊಳಗೆ ಬರುತ್ತದೆ.

ಹೊರಗಿನ ಒಂದು ಹೊಸ ಸಂಗತಿಯನ್ನೂ ಹೇಳುತ್ತೇನೆ. ಐರೋಪ್ಯ ಒಕ್ಕೂಟ 2024ರಲ್ಲಿ ತನ್ನ ನಗರಗಳ ಕೊಳಚೆ ನೀರಿನ ಕಾನೂನನ್ನು ತಿದ್ದಿತು. ಔಷಧಿ ಮತ್ತು ಸೌಂದರ್ಯ ಸಾಧನಗಳ ಅತಿ ಸಣ್ಣ ಕಣಗಳನ್ನು ಕೊಳಚೆ ನೀರಿನಿಂದ ತೆಗೆಯಲು ಬೇಕಾಗುವ ಹೆಚ್ಚಿನ ಹಂತದ ಖರ್ಚಿನಲ್ಲಿ ನೂರಕ್ಕೆ ಕನಿಷ್ಠ 80 ಪಾಲನ್ನು ಅವುಗಳ ತಯಾರಕರೇ ಕೊಡಬೇಕು ಎಂದು ಅದರಲ್ಲಿದೆ. ಇದುವರೆಗೆ ಆ ಖರ್ಚು ಬೀಳುತ್ತಿದ್ದುದು ನೀರಿನ ಬಿಲ್ಲು ಕಟ್ಟುವ ಜನರ ಮೇಲೆ.

ಈಗ ಕಠಿಣವಾದ ಭಾಗಕ್ಕೆ ಬರುತ್ತೇನೆ. ತಯಾರಕರ ಹೊಣೆ ಎಂದಾಗ ಇಲ್ಲಿ ಕುಳಿತ ಅರ್ಧ ಜನರ ಎದೆ ಝಲ್ಲೆನ್ನಬಹುದು. ಯಾಕೆಂದರೆ ನಾವೇ ತಯಾರಕರ ಮಕ್ಕಳು. ನಾನೂ ಮಗ್ಗದ ಮನೆಯವನೇ. ಅವ್ವ ಕಂಡಿಕೆ ಸುತ್ತಿದ ದುಡ್ಡಿನಿಂದ ಈ ಶಾಲೆಯಲ್ಲಿ ಓದಿ, ಬಾಗಲಕೋಟೆಗೆ ಹೋಗಿ ಬಿ.ಇ. ಮುಗಿಸಿದೆ. ನಮ್ಮ ಕಾಕಾ ನೂಲಿಗೆ ಬಣ್ಣ ಹಾಕುತ್ತಿದ್ದರು. ಅವರ ಅಂಗೈ ಯಾವಾಗಲೂ ಒಂದು ವಾರದ ಹಿಂದಿನ ಬಣ್ಣದಲ್ಲಿರುತ್ತಿತ್ತು. ನನಗೆ ಓದಲು ಬರುತ್ತಿತ್ತು ಎಂದು ಒಮ್ಮೆ ಬಣ್ಣದ ಡಬ್ಬಿಯ ಮೇಲಿನ ಬರಹ ಓದಿಸಿದರು. ಬಣ್ಣದ ನಂಬರು ಇತ್ತು, ತೂಕ ಇತ್ತು. ಒಳಗೆ ಏನಿದೆ, ಕೈಗೆ ಏನು ಹಾಕಿಕೊಳ್ಳಬೇಕು, ಉಳಿದ ನೀರನ್ನು ಎಲ್ಲಿ ಚೆಲ್ಲಬೇಕು ಎಂದು ಒಂದು ಸಾಲೂ ಇರಲಿಲ್ಲ. ಮುಂದೊಂದು ದಿನ ಒಂದು ಕಚೇರಿಯಿಂದ ಕಾಕಾನಿಗೆ ನೋಟೀಸು ಬಂತು, ಬಣ್ಣದ ನೀರು ಬಿಡಬಾರದು ಎಂದು. ಆ ಡಬ್ಬಿ ಮಾಡಿದವರಿಗೆ ನೋಟೀಸು ಹೋಗಲಿಲ್ಲ. ಕಾಕಾ ಕೇಳಿದ್ದು ಒಂದೇ ಮಾತು: ‘ಬಿಡಬ್ಯಾಡ ಅಂದ್ರ ಏನು ಮಾಡ್ಬೇಕು ಅಂತ ಯಾರು ಹೇಳ್ತಾರಪಾ?’ ಅವರ ಪ್ರಶ್ನೆಗೆ ಉತ್ತರ ಸಿಗದೆ ಒಲೆ ಆರಿತು.

ಇಳಕಲ್ ಸೀರೆ ಎಂದರೆ ಮೈಗೆ ಹತ್ತಿ, ಸೆರಗಿಗೆ ರೇಷ್ಮೆ, ಎರಡೂ ಹಾಸುಗಳನ್ನು ಕೊಂಡಿ ಹಾಕಿ ಜೋಡಿಸುವ ಟೋಪ್ ತೆನಿ. ಹಿಂದೆ ಇಲ್ಲಿ, ಗುಳೇದಗುಡ್ಡದಲ್ಲಿ ನೀಲಗಾರರು ಗಿಡದ ನೀಲಿಯಿಂದ ನೂಲು ಅದ್ದುತ್ತಿದ್ದರು. ಈಗ ಬಹುಪಾಲು ರಾಸಾಯನಿಕ ಬಣ್ಣ. ಹತ್ತಿಗೆ ಹಾಕುವ ಕೆಲವು ಬಗೆಯ ಬಣ್ಣಗಳಲ್ಲಿ 100 ಗ್ರಾಂ ಹಾಕಿದರೆ 20-30 ಗ್ರಾಂ ನೂಲಿಗೆ ಹತ್ತದೆ ನೀರಿನಲ್ಲೇ ಉಳಿಯುತ್ತದೆ. ಜೊತೆಗೆ ಉಪ್ಪು, ಕಾಸ್ಟಿಕ್ ಸೋಡಾ, ಹೈಡ್ರೋ. ಕ್ಯಾನ್ಸರ್ ತರಬಲ್ಲ ವಸ್ತುಗಳಾಗಿ ಒಡೆಯುವ 70 ಅಜೋ ಬಣ್ಣಗಳನ್ನು ಕೇಂದ್ರ ಸರ್ಕಾರ 1997ರಲ್ಲಿ ನಿಷೇಧಿಸಿತು. ನಿಷೇಧ ಹಾಕಿದ್ದು ಒಳ್ಳೆಯದು. ಆದರೆ ಚಿಲ್ಲರೆ ಪುಡಿ ಕೊಳ್ಳುವ ಬಣ್ಣಗಾರನಿಗೆ ಯಾವುದು ಆ 70ರಲ್ಲಿ ಇದೆ, ಯಾವುದು ಇಲ್ಲ ಎಂದು ಹೇಗೆ ತಿಳಿಯಬೇಕು? ಅದನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯಬೇಕಾದವನು ತಯಾರಕ.

ತಿರುಪ್ಪೂರಿನಲ್ಲಿ ಏನಾಯಿತು ನೋಡಿ. ನೊಯ್ಯಲ್ ನದಿಗೆ ಬಣ್ಣದ ನೀರು ಬಿಟ್ಟು ಬಿಟ್ಟು, ಒರತ್ತುಪಾಳ್ಯಂ ಜಲಾಶಯದ ನೀರು ಹೊಲಕ್ಕೆ ಬೇಡವೆಂದು ರೈತರೇ ಹೇಳುವಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣ ಹಾಕುವ, ಬಿಳುಪು ಮಾಡುವ ಘಟಕಗಳನ್ನೆಲ್ಲ ಮುಚ್ಚಿಸಿತು. ಸಾವಿರಾರು ಕೂಲಿಯವರು ಕೆಲಸ ಕಳೆದುಕೊಂಡರು. ಆಮೇಲೆ ಹಲವು ಘಟಕಗಳು ಸೇರಿ ನಡೆಸುವ ಸಾಮೂಹಿಕ ಶುದ್ಧೀಕರಣ ಘಟಕಗಳು ಒಂದು ಹನಿಯನ್ನೂ ಹೊರಗೆ ಬಿಡದ ಪದ್ಧತಿಗೆ ಬಂದವು. ನೀರು ಮತ್ತೆ ಬಣ್ಣದ ತೊಟ್ಟಿಗೇ, ಉಪ್ಪು ಮತ್ತೆ ಬಣ್ಣಕ್ಕೇ. ಮಾಡಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಮೊದಲೇ ಮಾಡಿದ್ದರೆ ನದಿಯೂ ಉಳಿಯುತ್ತಿತ್ತು, ಕೂಲಿಯೂ ಉಳಿಯುತ್ತಿತ್ತು ಎಂಬುದು ಪಾಠ.

ನಮ್ಮದು ತಿರುಪ್ಪೂರಿನಷ್ಟು ದೊಡ್ಡ ಉದ್ಯಮವಲ್ಲ. ಅದೇ ನಮ್ಮ ಅನುಕೂಲ. ಓಣಿ ಓಣಿಯಲ್ಲಿ ಚೆದುರಿದ ಒಲೆಗಳ ಬದಲು ಒಂದೆರಡು ಸಾಮೂಹಿಕ ಬಣ್ಣದ ಮನೆಗಳು, ಅವುಗಳ ಹಿಂದೆ ಒಂದು ಚಿಕ್ಕ ಶುದ್ಧೀಕರಣ ಘಟಕ. ಖರ್ಚು ಯಾರದು? ಸೀರೆ ನೇಯ್ದವನ ಕೈಗೆ ಬರುವುದು ಕೂಲಿ ಮಾತ್ರ. ಬಣ್ಣ ಹಾಕಿದವನಿಗೆ ಅದಕ್ಕಿಂತ ಕಡಿಮೆ. ಆದ್ದರಿಂದ ಹೊಣೆಯನ್ನು ಲಾಭದ ಅಳತೆಯಲ್ಲಿ ಹಂಚಬೇಕು. ಬಣ್ಣ ತಯಾರಿಸುವ ಕಂಪನಿ, ದೊಡ್ಡ ವ್ಯಾಪಾರಿ, ದೊಡ್ಡ ಊರಿನ ಶೋರೂಮು, ಕೊನೆಗೆ ಉಡುವ ನಮ್ಮ ಅಕ್ಕತಂಗಿಯರು ಕೂಡ. ಲೆಕ್ಕಕ್ಕೆಂದು ಒಂದು ಸೀರೆಗೆ 20 ರೂಪಾಯಿ ಇಟ್ಟುಕೊಳ್ಳಿ. ಲಕ್ಷ ಸೀರೆಗೆ 20 ಲಕ್ಷ ರೂಪಾಯಿ. ಇಳಕಲ್ ಸೀರೆಗೆ ಜಿ.ಐ. ಮಾನ್ಯತೆ ಇದೆ. ಆ ಗುರುತಿನ ಜೊತೆ ‘ಈ ಸೀರೆಯ ಬಣ್ಣದ ನೀರು ಹಳ್ಳಕ್ಕೆ ಹೋಗಿಲ್ಲ’ ಎಂಬ ಇನ್ನೊಂದು ಗುರುತು ಸೇರಿದರೆ 20 ರೂಪಾಯಿ ಹೆಚ್ಚು ಕೊಡಲು ಬೆಂಗಳೂರಿನ ಗಿರಾಕಿ ಹಿಂದೆ ಸರಿಯಲಾರ.

ಗ್ರಾನೈಟಿನದೂ ಇದೇ ಲೆಕ್ಕ, ಅಲ್ಲಿ ಕೆಲಸ ಇನ್ನೂ ಸುಲಭ. ಇಳಕಲ್ಲಿನ ಕೆಂಪು ಕಲ್ಲು ಪರದೇಶಕ್ಕೆ ಹೋಗುತ್ತದೆ, ಅದರ ರಾಡಿ ಮಾತ್ರ ಇಲ್ಲಿ ಉಳಿಯುತ್ತದೆ. ಆ ರಾಡಿ ವಿಷವೆಂದಲ್ಲ. ಅದು ಹಿಟ್ಟಿಗಿಂತ ನಯ. ಹಳ್ಳದ ಮರಳಿನ ಸಂದಿಗಳನ್ನು ಮೆತ್ತಿಬಿಡುತ್ತದೆ, ಅಲ್ಲಿಂದ ಮುಂದೆ ಮಳೆನೀರು ಇಂಗುವುದಿಲ್ಲ. ಸಾಲಾಗಿ ಮೂರು ತೊಟ್ಟಿ ಕಟ್ಟಿ ರಾಡಿಯನ್ನು ತಳಕ್ಕೆ ಕೂರಿಸಿದರೆ ಮೇಲಿನ ನೀರು ಮತ್ತೆ ಗರಗಸಕ್ಕೇ ಬರುತ್ತದೆ. ಒಣಗಿದ ಪುಡಿಯನ್ನು ಇಟ್ಟಿಗೆಗೆ, ಕಾಂಕ್ರೀಟಿಗೆ ಬೆರೆಸಬಹುದು.

ಇಲ್ಲಿಯವರೆಗೆ ಹೇಳಿದ್ದು ಗಟಾರಕ್ಕೆ ಬೀಳುವ ವಸ್ತುವಿನ ಮಾತು. ಇನ್ನು ಗಟಾರದ ಮಾತು.

ನಮ್ಮ ಊರುಗಳಲ್ಲಿ ಮಳೆನೀರಿಗೂ ಬಚ್ಚಲ ನೀರಿಗೂ ಒಂದೇ ದಾರಿ. ಸಿಮೆಂಟಿನ ಗಟಾರ ಕಟ್ಟುವವರ ಉದ್ದೇಶ ಒಂದೇ, ನೀರು ಬೇಗ ಊರು ದಾಟಬೇಕು. ಆದರೆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 550 ಮಿಲಿಮೀಟರು. ಮಳೆಗಾಲದಲ್ಲಿ ಓಡಿಸಿಬಿಟ್ಟ ನೀರನ್ನೇ ಬೇಸಿಗೆಯಲ್ಲಿ ಟ್ಯಾಂಕರಿನಿಂದ ಕೊಳ್ಳುತ್ತೇವೆ. ಸುಸ್ಥಿರ ಚರಂಡಿ ವ್ಯವಸ್ಥೆ ಎಂದು ಈಗ ಎಂಜಿನಿಯರುಗಳು ಹೇಳುವುದು ಇದಕ್ಕೆ ತಿರುಗಿದ ಕ್ರಮ. ನೀರಿನ ಓಟ ತಗ್ಗಿಸು, ಹರಡು, ಸೋಸು, ಇಂಗಿಸು. ಉಳಿದದ್ದನ್ನು ಮಾತ್ರ ಮುಂದೆ ಬಿಡು.

ಇದು ನಮಗೆ ಹೊಸದೇನಲ್ಲ. ಬಾದಾಮಿಯಲ್ಲಿ ಮಳೆ ಬಂದಾಗ ಬಂಡೆಯ ಮೇಲಿನಿಂದ ಧುಮುಕುವ ನೀರನ್ನು ಹಿಡಿದಿಟ್ಟುಕೊಂಡ ಅಗಸ್ತ್ಯ ತೀರ್ಥದ ದಂಡೆಯಲ್ಲೇ ಚಾಲುಕ್ಯರು ರಾಜಧಾನಿ ಕಟ್ಟಿದರು. ಹುನಗುಂದದ ಎರಿ ಹೊಲಗಳಲ್ಲಿ ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣನ್ನು ಕೊಚ್ಚದಂತೆ ಕಲ್ಲಿನ ಕೋಡಿ ಕಟ್ಟುವ ಜಾಣ್ಮೆ ನಮ್ಮ ರೈತರದು. ಮಲ್ಲಣ್ಣ ನಾಗರಾಳ ಅವರ ಹೆಸರು ಈ ಕೆಲಸಕ್ಕೇ ನಾಡಿನಲ್ಲಿ ಪರಿಚಿತ. ಹೊಲದಲ್ಲಿ ಗೊತ್ತಿದ್ದ ವಿದ್ಯೆಯನ್ನು ನಾವು ಓಣಿಗೆ ತರಲಿಲ್ಲ.

ಶೌಚದ ನೀರಿಗೂ ದಾರಿ ಇದೆ. ಒಳಚರಂಡಿ ಇಲ್ಲದ ದೇವನಹಳ್ಳಿಯಲ್ಲಿ 2015ರಲ್ಲಿ, ಶೌಚಗುಂಡಿಗಳಿಂದ ಎತ್ತಿ ತಂದ ಮಲದ ಕೆಸರನ್ನು ಶುದ್ಧೀಕರಿಸಿ ಗೊಬ್ಬರ ಮಾಡುವ ಘಟಕ ಶುರುವಾಯಿತು. ಊರಿನ ಮಟ್ಟದಲ್ಲಿ ದೇಶದಲ್ಲೇ ಅದು ಮೊದಲನೆಯದು. ನಮ್ಮಂಥ ಊರುಗಳಿಗೆ ಹೇಳಿ ಮಾಡಿಸಿದ ಮಾದರಿ.

ಆದರೆ ಒಂದು ಎಚ್ಚರಿಕೆ. ಇವತ್ತಿನ ನನ್ನ ಮಾತಿನಲ್ಲಿ ನೆನಪಿಡಬೇಕಾದದ್ದು ಇದೊಂದೇ ಎಂದರೂ ಸರಿ. ಬಣ್ಣದ ನೀರು, ರಾಸಾಯನಿಕದ ನೀರು ಬೆರೆತ ಗಟಾರವನ್ನು ಎಂದಿಗೂ ಇಂಗಿಸಬಾರದು. ಇಂಗಿಸಿದರೆ ಹಳ್ಳಕ್ಕೆ ಹೋಗುತ್ತಿದ್ದ ವಿಷ ನಮ್ಮ ಬೋರಿಗೇ ಇಳಿಯುತ್ತದೆ. ಹೊಳೆಯನ್ನು ಒಂದು ಮಹಾಪೂರ ತೊಳೆದೀತು, ಅಂತರ್ಜಲ ಕೆಟ್ಟರೆ ತಲೆಮಾರು ಹಿಡಿಯುತ್ತದೆ. ಹಾಗಾಗಿ ಮೊದಲು ತಯಾರಕರ ಹೊಣೆ, ಆಮೇಲೆ ಇಂಗುವ ಚರಂಡಿ. ಈ ಕ್ರಮ ತಿರುವುಮುರುವು ಆಗಬಾರದು.

ನಮ್ಮ ನೆಲದಡಿಯ ನೀರಿಗೆ ಈಗಾಗಲೇ ಒಂದು ಕಷ್ಟ ಇದೆ. ಹುನಗುಂದ, ಬಾದಾಮಿ ಭಾಗದ ಅನೇಕ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಈ ಫ್ಲೋರೈಡ್ ಯಾವ ಕಾರ್ಖಾನೆಯದೂ ಅಲ್ಲ, ಬಂಡೆಯೊಳಗಿಂದಲೇ ಬರುತ್ತದೆ. ಎಲ್ಲದಕ್ಕೂ ಕಾರ್ಖಾನೆಯನ್ನೇ ಬೈಯುವುದು ನ್ಯಾಯವಲ್ಲ. ಆದರೆ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಶುದ್ಧ ಮಳೆನೀರನ್ನು ಹಿಡಿದಿಡುವುದು, ಇಂಗಿಸುವುದು ಇದಕ್ಕೂ ಒಂದು ಮದ್ದು.

ಕೊನೆಯದಾಗಿ, ಮಹೋತ್ಸವದ ನೆನಪಿಗೆ ಏನು ಮಾಡಬೇಕೆಂದು ಸಮಿತಿಯವರು ಕೇಳಿದ್ದಾರೆ. ಕಮಾನು ಕಟ್ಟಬಹುದು, ಬೇಡವೆನ್ನುವುದಿಲ್ಲ. ಅದರ ಜೊತೆಗೆ ನನ್ನದೊಂದು ವಿನಂತಿ.

ನಮ್ಮ ಹಳೆಯ ಕಟ್ಟಡದ ಮಾಳಿಗೆ ಸುಮಾರು 400 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮಕ್ಕಳೇ, ಗುಣಿಸಿ. 550 ಮಿಲಿಮೀಟರಿಗೆ 2,20,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾಯಿತು ಎಂದರೂ 1,76,000 ಲೀಟರ್ ಉಳಿಯುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ತೊಟ್ಟಿಗೆ ತುಂಬೋಣ, ಹೆಚ್ಚಾದದ್ದನ್ನು ಇಂಗುಗುಂಡಿಗೆ ಬಿಡೋಣ. ಎರಿ ಮಣ್ಣು ನೀರನ್ನು ಬೇಗ ಒಳಗೆ ಬಿಡುವುದಿಲ್ಲ, ಆದ್ದರಿಂದ ಗುಂಡಿ ಗರಸು ಸಿಗುವವರೆಗೆ ಹೋಗಬೇಕು. ಬಿಸಿಯೂಟದ ತಟ್ಟೆ, ಕೈ ತೊಳೆಯಲು ಒಬ್ಬರಿಗೆ 3 ಲೀಟರಿನಂತೆ 300 ಮಕ್ಕಳಿಂದ ದಿನಕ್ಕೆ 900 ಲೀಟರ್ ನೀರು ಹೊರಗೆ ಹೋಗುತ್ತದೆ. ಅದನ್ನು ಜಲ್ಲಿ, ಮರಳು ತುಂಬಿದ ಪಾತಿಯ ಮೂಲಕ ಹಾಯಿಸಿ ಬಾಳೆ, ಕಾಬಾಳೆ, ನುಗ್ಗೆಗೆ ಕೊಡೋಣ. ನಮ್ಮ ಬ್ಯಾಚಿನವರು ಇದರ ವೆಚ್ಚ ಹೊರಲು ಒಪ್ಪಿದ್ದಾರೆ. ಸಿವಿಲ್ ಓದಿದ ಇಬ್ಬರು ಗೆಳೆಯರು ಅಳತೆ ಮಾಡಿಕೊಂಡು ಹೋಗಿದ್ದಾರೆ.

ಮಕ್ಕಳಿಗೆ ಒಂದು ಕೆಲಸ. ವಿಜ್ಞಾನ ಶಿಕ್ಷಕರ ಜೊತೆ ತಿಂಗಳಿಗೊಮ್ಮೆ ಗಟಾರದ, ಹಳ್ಳದ, ಶಾಲೆಯ ಬೋರಿನ ನೀರು ತಂದು ಪಿ.ಎಚ್. ಕಾಗದದಿಂದ, ಟಿ.ಡಿ.ಎಸ್. ಮೀಟರಿನಿಂದ ಅಳೆದು ಒಂದು ದಪ್ಪ ನೋಟುಬುಕ್ಕಿನಲ್ಲಿ ಬರೆಯಿರಿ. ಗಟಾರದಲ್ಲಿ ಸಿಕ್ಕ ಪಾಕೀಟುಗಳನ್ನು ಕಂಪನಿಯ ಹೆಸರಿನ ಪ್ರಕಾರ ಎಣಿಸಿ ಪಟ್ಟಿ ಮಾಡಿ. ಆ ಪಟ್ಟಿಯನ್ನು ಪ್ರತಿ ಕಂಪನಿಗೆ, ನಗರಸಭೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಕಳಿಸೋಣ. ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ ಎಲ್ಲರಿಗೂ ಕಾಣುವಂತೆ ಮಾಡುವ ಕೆಲಸ ನನ್ನದು. ‘ನಿಮ್ಮ ಊರವರಿಗೆ ಸ್ವಚ್ಛತೆ ಗೊತ್ತಿಲ್ಲ’ ಎಂದು ಯಾರಾದರೂ ಅಂದರೆ, ‘ನಿಮ್ಮ 412 ಪಾಕೀಟು ನಮ್ಮ ಹತ್ತಿರ ಇವೆ, ಯಾವಾಗ ಬಂದು ಒಯ್ಯುತ್ತೀರಿ?’ ಎಂದು ಕೇಳುವ ಧೈರ್ಯ ಲೆಕ್ಕ ಇಟ್ಟವರಿಗೆ ಮಾತ್ರ ಬರುತ್ತದೆ.

ಹಾಗೆಯೇ ನೇಕಾರರ ಸಂಘದ ಹಿರಿಯರಲ್ಲಿ, ಗ್ರಾನೈಟ್ ಉದ್ದಿಮೆಯ ಮಾಲೀಕರಲ್ಲಿ ಕೈಮುಗಿದು ಕೇಳುತ್ತೇನೆ. ನಿಮ್ಮಲ್ಲಿ ಬಹಳ ಮಂದಿ ಇದೇ ಶಾಲೆಯವರು. ಕೋರ್ಟಿನ ಆದೇಶ ಬರುವವರೆಗೆ ಕಾಯದೆ ಈ ವರ್ಷವೇ ಒಂದು ಸಭೆ ಕರೆಯಿರಿ. ಸಾಮೂಹಿಕ ಬಣ್ಣದ ಮನೆಯ ಅಂದಾಜು ಪಟ್ಟಿ ಮಾಡಿಸಿ. ನಮ್ಮ ಶರಣರು ಕಾಯಕಕ್ಕೆ ಎಷ್ಟು ಗೌರವ ಕೊಟ್ಟರೋ ಕಾಯಕದ ಶುದ್ಧಿಗೂ ಅಷ್ಟೇ ಬೆಲೆ ಕೊಟ್ಟರು. ಬಸವಣ್ಣನವರ ಐಕ್ಯಸ್ಥಳ ನಮ್ಮ ನೀರು ಹೋಗಿ ಸೇರುವ ಸಂಗಮದಲ್ಲೇ ಇದೆ.

 ಮಳೆಗಾಲದೊಳಗೆ ಗುಂಡಿ ತೋಡುವ ಕೆಲಸ ಮುಗಿಯಬೇಕು. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಗುದ್ದಲಿ, ಬುಟ್ಟಿ ಹಿಡಿದು ಬರುವವರು ಇವತ್ತೇ ಹೆಸರು ಬರೆಸಿ ಹೋಗಬೇಕಾಗಿ ಕೋರುತ್ತೇನೆ.